ಗಲಾಪಗೋಸ್‌ಗೆ ನಾವೇ ಬುಕ್ ಮಾಡಿಕೊಂಡು ಹೋಗಬಹುದಾ?

ಹಿಂದಿನ ಸಂಚಿಕೆಯಲ್ಲಿ ಒಂದು ಉತ್ತರದ ಕೊನೆಗೆ, ಗಲಾಪಗೋಸ್ ನೋಡಲು ಕ್ರೂಸ್ ಹಡಗನ್ನೇ ಹತ್ತಬೇಕೆಂದಿಲ್ಲ, ಊರಲ್ಲಿ ರೂಮು ಮಾಡಿಕೊಂಡೂ ನೋಡಬಹುದು ಎಂದು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ದ್ವೀಪಗಳು ಇವು. ಅದರ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರ, ಪೆಸಿಫಿಕ್ ಸಾಗರದ ನಡುವೆ ಇವೆ. ನೆಲದ ಶೇ. 97ರಷ್ಟು ನ್ಯಾಷನಲ್ ಪಾರ್ಕ್. ಉಳಿದ ಚೂರು ಜಾಗದಲ್ಲಿ ಜನರ ಊರು, ತೋಟ.

ಪ್ರಶ್ನೆ: ಮೇಡಂ, ನಾವು ಮೈಸೂರಿನವರು, ಈಗ ಡಲ್ಲಾಸ್‌ನಲ್ಲಿದ್ದೇವೆ. ನಾನು, ನನ್ನ ಹೆಂಡತಿ, 14 ವರ್ಷದ ಮಗಳು, 9 ವರ್ಷದ ಮಗ. ಮಗನಿಗೆ ಆಮೆ ಅಂದರೆ ಪ್ರಾಣ. ಏಜೆಂಟ್ ಒಬ್ಬರು ಎಂಟು ದಿನದ ಕ್ರೂಸ್‌ಗೆ ಹೇಳಿದ ರೇಟು ಕೇಳಿ ಆಸೆಯೇ ಬಿಟ್ಟಿದ್ದೆವು. ನಾವೇ ಮಾಡಿಕೊಂಡರೆ ಎಷ್ಟಾಗುತ್ತದೆ? ಎಲ್ಲಿಂದ ಶುರು ಮಾಡಬೇಕು? – ಓದುಗರು, ಡಲ್ಲಾಸ್

ಉತ್ತರ: ಆಸೆ ಬಿಡಬೇಡಿ. ಏಜೆಂಟ್ ಹೇಳಿದ್ದು ಸುಳ್ಳು ಇರಲಾರದು, ಕ್ರೂಸ್‌ಗೆ ತಲೆಗೆ ಕೆಲವು ಸಾವಿರ ಡಾಲರ್ ಆಗಿಯೇ ಆಗುತ್ತದೆ. ಆದರೆ ಕ್ರೂಸ್ ಒಂದೇ ದಾರಿಯಲ್ಲ. ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಬೆಲಾ, ಫ್ಲೊರಿಯಾನಾ – ಈ ನಾಲ್ಕು ದ್ವೀಪಗಳಲ್ಲಿ ಜನ ವಾಸ ಮಾಡುತ್ತಾರೆ. ಶಾಲೆ, ಅಂಗಡಿ, ತರಕಾರಿ ಮಾರ್ಕೆಟ್ಟು, ಸಾಧಾರಣ ಲಾಡ್ಜು ಎಲ್ಲ ಇವೆ. ಅಲ್ಲಿ ಉಳಿದುಕೊಂಡು ನಡೆದೋ, ಟ್ಯಾಕ್ಸಿಯಲ್ಲೋ, ಒಂದೆರಡು ದಿನ ದೋಣಿಯಲ್ಲೋ ಸುತ್ತಿದರೆ ಮುಖ್ಯವಾದ ಪ್ರಾಣಿಗಳಲ್ಲಿ ಹೆಚ್ಚಿನವು ಸಿಗುತ್ತವೆ.

ಮೊದಲು, ಏನೇ ಮಾಡಿದರೂ ತಪ್ಪಿಸಲಾಗದ ಖರ್ಚು. ಪಾರ್ಕಿನ ಪ್ರವೇಶ ಶುಲ್ಕ 2024ರ ಆಗಸ್ಟ್ 1ರಿಂದ ದುಪ್ಪಟ್ಟಾಗಿದೆ. ವಿದೇಶಿ ವಯಸ್ಕರಿಗೆ 200 ಡಾಲರ್, 12 ವರ್ಷದೊಳಗಿನ ಮಕ್ಕಳಿಗೆ 100, ಎರಡು ವರ್ಷದೊಳಗಿನ ಕೂಸಿಗೆ ಇಲ್ಲ. ನಿಮ್ಮ ಮಗಳಿಗೆ 14, ಹಾಗಾಗಿ ಅವಳೂ ವಯಸ್ಕರ ಲೆಕ್ಕವೇ. ಒಟ್ಟು 700. ಇದರ ಜೊತೆ ತಲೆಗೆ 20 ಡಾಲರಿನ ಟಿಸಿಟಿ ಎಂಬ ಪ್ರವಾಸಿ ಕಾರ್ಡು, ಅದು 80. ಅಂದರೆ ವಿಮಾನ, ಊಟ, ರೂಮು ಯಾವುದೂ ಸೇರದೆ 780 ಡಾಲರ್. ಇದರಲ್ಲಿ ಚೌಕಾಸಿ ಇಲ್ಲ. ಮಿಕ್ಕ ಎಲ್ಲದರಲ್ಲೂ ನಿಮ್ಮ ಕೈ ಇದೆ.

ಡಲ್ಲಾಸ್‌ನಿಂದ ಈಕ್ವೆಡಾರಿನ ಕೀಟೋ ಅಥವಾ ಗ್ವಾಯಕಿಲ್‌ಗೆ ಒಂದು ಟಿಕೆಟ್, ಅಲ್ಲಿಂದ ದ್ವೀಪಕ್ಕೆ ಬೇರೆ ಟಿಕೆಟ್. ಮೊದಲು ದ್ವೀಪದ ವಿಮಾನ ನೋಡಿ, ಆಮೇಲೆ ಅಮೆರಿಕದ್ದು. ದ್ವೀಪಕ್ಕೆ ಹೋಗುವ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೊರಡುತ್ತವೆ, ಹಾಗಾಗಿ ಹಿಂದಿನ ರಾತ್ರಿ ಈಕ್ವೆಡಾರಿನಲ್ಲಿ ತಂಗಲೇಬೇಕು. ಗ್ವಾಯಕಿಲ್ ಆದರೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲ್ ಹಿಡಿಯಿರಿ, ರಾತ್ರಿ ಊರು ಸುತ್ತಲು ಹೋಗಬೇಡಿ. ಈಚಿನ ವರ್ಷಗಳಲ್ಲಿ ಅಲ್ಲಿ ಗ್ಯಾಂಗುಗಳ ಹಾವಳಿ ಜಾಸ್ತಿಯಾಗಿ 2024ರ ಜನವರಿಯಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು. ದ್ವೀಪಗಳ ಕಥೆಯೇ ಬೇರೆ, ಅಲ್ಲಿ ಮಕ್ಕಳ ಜೊತೆ ಸಂಜೆ ಹೊತ್ತು ಓಡಾಡಲು ಭಯವಿಲ್ಲ. ಇನ್ನು ಕೀಟೋ 2,850 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಕೆಲವರಿಗೆ ತಲೆನೋವು, ಏದುಸಿರು ಬರುತ್ತದೆ. ಟಿಕೆಟ್ ತೆಗೆಯುವಾಗ ಇನ್ನೊಂದು ಎಚ್ಚರ: ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ದರ ಈಕ್ವೆಡಾರ್ ನಿವಾಸಿಗಳಿಗೆ ಮಾತ್ರ ಇರಬಹುದು. ಷರತ್ತು ಓದದೆ ಕೊಂಡರೆ ಕೌಂಟರಿನಲ್ಲಿ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಎಷ್ಟು ದ್ವೀಪ? ಎಲ್ಲರೂ ಮೂರು, ನಾಲ್ಕು ಎಂದು ಪಟ್ಟಿ ಮಾಡುತ್ತಾರೆ. ನಾನು ಹೇಳುವುದು ಎರಡೇ. ದ್ವೀಪದಿಂದ ದ್ವೀಪಕ್ಕೆ ಸಾರ್ವಜನಿಕ ಸ್ಪೀಡ್ ಬೋಟ್ ಇದೆ. ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು, ಒಂದು ದಾರಿಗೆ ತಲೆಗೆ 30–40 ಡಾಲರ್, ಎರಡು ಗಂಟೆ ಕುಲುಕಾಟ. ಎಲ್ಲ ಬೋಟ್ ಸಾಂತಾ ಕ್ರೂಸ್ ಮೂಲಕವೇ. ಇಸಬೆಲಾದಿಂದ ಸಾನ್ ಕ್ರಿಸ್ಟೋಬಲ್‌ಗೆ ಹೋಗಬೇಕೆಂದರೂ ನಡುವೆ ಸಾಂತಾ ಕ್ರೂಸ್‌ನಲ್ಲಿ ಇಳಿದು ಹತ್ತಬೇಕು. ನಾಲ್ಕು ಜನ, ಪ್ರತಿ ಸಲ ಬ್ಯಾಗ್ ತಪಾಸಣೆ, ದಡದಿಂದ ಬೋಟಿಗೆ ಪುಟ್ಟ ವಾಟರ್ ಟ್ಯಾಕ್ಸಿ, ಮಕ್ಕಳಿಗೆ ವಾಂತಿ – ಹೀಗೆ ಒಂದು ದ್ವೀಪ ಜಾಸ್ತಿ ಮಾಡಿದರೆ ದುಡ್ಡೂ ಹೋಯಿತು, ಅರ್ಧ ದಿನವೂ ಹೋಯಿತು. ಅದೇ ಅರ್ಧ ದಿನ ಒಂದು ಬೀಚಿನಲ್ಲಿ ಸುಮ್ನೆ ಕೂತರೆ ಕಡಲಸಿಂಹದ ಮರಿ ತಾನಾಗಿ ಮೂಸಿ ನೋಡಲು ಬರುತ್ತದೆ. ಅಲ್ಲಿನ ಪ್ರಾಣಿಗಳಿಗೆ ಮನುಷ್ಯರ ಹೆದರಿಕೆ ಇಲ್ಲ. ಅದನ್ನು ಅನುಭವಿಸಲು ಬೇಕಾಗಿರುವುದು ಸಮಯ.

ನಿಮ್ಮ ಮಗನ ಆಮೆ ಪ್ರೀತಿಗೆ ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಹೋಗುವಾಗ ಸಾಂತಾ ಕ್ರೂಸ್ ಪಕ್ಕದ ಬಾಲ್ಟ್ರಾ ವಿಮಾನ ನಿಲ್ದಾಣಕ್ಕೆ ಟಿಕೆಟ್, ಬರುವಾಗ ಸಾನ್ ಕ್ರಿಸ್ಟೋಬಲ್‌ನಿಂದ. ಎರಡೂ ದ್ವೀಪ ನೋಡಿದಂತಾಯಿತು, ಬೋಟ್ ಒಂದೇ ಸಲ. ಬಾಲ್ಟ್ರಾದಲ್ಲಿ ಇಳಿದ ಮೇಲೆ ಬಸ್ಸು, ಆಮೇಲೆ ಇಟಬಾಕಾ ಕಾಲುವೆ ದಾಟಲು ಒಂದು ಡಾಲರಿನ ದೋಣಿ, ಆಚೆ ದಡದಿಂದ ಸಾಂತಾ ಕ್ರೂಸ್‌ನ ಪುಯೆರ್ಟೊ ಅಯೋರಾ ಊರಿಗೆ ಮತ್ತೆ ಬಸ್ಸು. ಟ್ಯಾಕ್ಸಿಯೂ ಇದೆ, ಆದರೆ ಬಸ್ಸು ತೀರಾ ಅಗ್ಗ.

ಪುಯೆರ್ಟೊ ಅಯೋರಾದಲ್ಲಿ ನಾಲ್ಕೈದು ರಾತ್ರಿ. ಒಂದು ಬೆಳಗ್ಗೆ ಪಿಕಪ್ ಟ್ಯಾಕ್ಸಿ ಮಾತಾಡಿಕೊಂಡು ಗುಡ್ಡದ ಕಡೆ ಹೋಗಿ. ಎಲ್ ಚಾಟೊ ಕಡೆಯ ಖಾಸಗಿ ಜಮೀನುಗಳಲ್ಲಿ ದೈತ್ಯ ಆಮೆಗಳು ತಮ್ಮ ಪಾಡಿಗೆ ಹುಲ್ಲು ಮೇಯುತ್ತಾ, ಕೆಸರಲ್ಲಿ ಬಿದ್ದುಕೊಂಡು ಇರುತ್ತವೆ. ಇವು ಸಾಕಿದವಲ್ಲ, ಕಾಡಿನವೇ. ದೊಡ್ಡ ಗಂಡು 200 ಕಿಲೋಗಿಂತ ಜಾಸ್ತಿ ತೂಗುತ್ತದೆ, ನೂರು ವರ್ಷ ದಾಟಿ ಬದುಕುತ್ತದೆ. ಅದೇ ದಾರಿಯಲ್ಲಿ ಲಾವಾ ಹರಿದು ಆದ ಸುರಂಗದೊಳಗೆ ನಡೆಯಬಹುದು. ಇನ್ನೊಂದು ದಿನ ಊರೊಳಗಿನ ಡಾರ್ವಿನ್ ಸಂಶೋಧನಾ ಕೇಂದ್ರ ಮತ್ತು ಪಕ್ಕದ ಆಮೆ ಸಂವರ್ಧನಾ ಕೇಂದ್ರ. ಪಿಂಟಾ ದ್ವೀಪದ ಆಮೆಗಳಲ್ಲಿ ಕೊನೆಯದಾಗಿ ಉಳಿದಿದ್ದ ಲೋನ್‌ಸಮ್ ಜಾರ್ಜ್ 2012ರ ಜೂನ್‌ನಲ್ಲಿ ತೀರಿಕೊಂಡಿತು. ಅದರ ದೇಹವನ್ನು ಕಾಪಾಡಿ ಇಲ್ಲೇ ಇಟ್ಟಿದ್ದಾರೆ. ನಿಮ್ಮ ಮಗನಿಗೆ ಹೋಗುವ ಮೊದಲೇ ಆ ಕಥೆ ಹೇಳಿ. ಆ ಕೋಣೆಯೊಳಗೆ ಹೋದಾಗ ತಾನು ಏನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಬೇಕು.

ಟಾರ್ಟುಗಾ ಬೇ ಬೀಚಿಗೆ ಊರಿನಿಂದ ಎರಡೂವರೆ ಕಿ.ಮೀ. ಕಾಲುದಾರಿ. ದುಡ್ಡಿಲ್ಲ. ಮೊದಲು ಸಿಗುವ ಉದ್ದನೆಯ ಬೀಚಿನಲ್ಲಿ ಸೆಳೆತ ಜಾಸ್ತಿ, ಅಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಅದರ ತುದಿವರೆಗೆ ನಡೆದರೆ ಶಾಂತವಾದ ಕೊಲ್ಲಿ ಸಿಗುತ್ತದೆ. ದಾರಿಯುದ್ದಕ್ಕೂ ಕಪ್ಪು ಕಡಲ ಇಗುವಾನಾಗಳು ಒಂದರ ಮೇಲೊಂದು ಮಲಗಿರುತ್ತವೆ. ಜಗತ್ತಿನಲ್ಲಿ ಸಮುದ್ರಕ್ಕೆ ಇಳಿದು ಪಾಚಿ ತಿಂದು ಬದುಕುವ ಉಡದಂಥ ಪ್ರಾಣಿ ಇದೊಂದೇ, ಇಲ್ಲಿ ಮಾತ್ರ. ಸಂಜೆ ಊರಿನ ಮೀನು ಮಾರ್ಕೆಟ್ಟಿಗೆ ಹೋಗಿ ನಿಲ್ಲಿ. ಮೀನು ಕೊಯ್ಯುವವರ ಕಾಲ ಬುಡದಲ್ಲಿ ಕಡಲಸಿಂಹ, ಹೆಗಲ ಪಕ್ಕ ಪೆಲಿಕನ್. ನಾನು ಅಲ್ಲಿಂದ ಕದಲಲು ಮನಸ್ಸಿಲ್ಲದೆ ಕತ್ತಲಾಗುವವರೆಗೆ ನಿಂತಿದ್ದು ಇದೆ.

ಆಮೇಲೆ ಒಂದು ಡೇ ಟೂರ್‌ಗೆ ಧಾರಾಳವಾಗಿ ಖರ್ಚು ಮಾಡಿ. ಜನವಸತಿ ಇಲ್ಲದ ದ್ವೀಪದಲ್ಲಿ ಲೈಸೆನ್ಸ್ ಇರುವ ಗೈಡ್ ಇಲ್ಲದೆ ಕಾಲಿಡುವ ಹಾಗಿಲ್ಲ, ಒಬ್ಬ ಗೈಡ್‌ಗೆ ಹೆಚ್ಚೆಂದರೆ 16 ಜನ. ತಲೆಗೆ 150ರಿಂದ 250 ಡಾಲರ್ ಆಗುತ್ತದೆ, ದುಬಾರಿಯೇ. ಆದರೆ ನಾರ್ತ್ ಸೇಮೋರ್ ದ್ವೀಪದಲ್ಲಿ ನೀಲಿ ಕಾಲಿನ ಬೂಬಿ ಹಕ್ಕಿ ದಾರಿ ಪಕ್ಕದಲ್ಲೇ ಒಂದೊಂದೇ ಕಾಲೆತ್ತಿ ಕುಣಿಯುವುದನ್ನು, ಗಂಡು ಫ್ರಿಗೇಟ್ ಹಕ್ಕಿ ಕೊರಳಿನ ಕೆಂಪು ಚೀಲ ಉಬ್ಬಿಸಿ ಕೂರುವುದನ್ನು ಮಕ್ಕಳು ಮರೆಯುವುದಿಲ್ಲ. ರಜಾ ಸೀಸನ್ ಅಲ್ಲದಿದ್ದರೆ ಈ ಟೂರನ್ನು ಊರಿಗೆ ಹೋದ ಮೇಲೆ ಬಂದರಿನ ಬೀದಿಯ ನಾಲ್ಕು ಅಂಗಡಿಗಳಲ್ಲಿ ಕೇಳಿ ತೆಗೆದುಕೊಳ್ಳಿ. ಒಂದೇ ದೋಣಿಯ ಸೀಟಿಗೆ ಬೇರೆ ಬೇರೆ ದರ ಹೇಳುತ್ತಾರೆ. ಕ್ರಿಸ್‌ಮಸ್, ಈಸ್ಟರ್, ಜುಲೈ–ಆಗಸ್ಟ್ ಆದರೆ ಮೊದಲೇ ಬುಕ್ ಮಾಡಿ.

ಸಾನ್ ಕ್ರಿಸ್ಟೋಬಲ್‌ನಲ್ಲಿ ಉಳಿದ ದಿನಗಳು. ಅಲ್ಲಿ ಖರ್ಚೇ ಕಮ್ಮಿ. ಪ್ಲಾಯಾ ಮಾನ್, ಲಾ ಲೊಬೇರಿಯಾ ಬೀಚುಗಳು, ಟಿಹೆರೆಟಾಸ್ ಗುಡ್ಡ – ಎಲ್ಲ ಊರಿನಿಂದ ನಡೆಯುವ ದೂರ, ಎಲ್ಲ ಉಚಿತ. ತೇಲುತ್ತಾ ನೀರೊಳಗೆ ನೋಡುವ ಸ್ನಾರ್ಕೆಲ್ ಮುಖವಾಡ ದಿನದ ಬಾಡಿಗೆಗೆ ಸಿಗುತ್ತದೆ, ಆದರೆ ಮಕ್ಕಳ ಅಳತೆಯದು ಡಲ್ಲಾಸ್‌ನಲ್ಲೇ ಕೊಂಡು ಒಯ್ಯಿರಿ.

ಹೀಗೆ ಹೋದರೆ ಕೈತಪ್ಪುವುದು ಏನು ಅಂತಲೂ ಹೇಳಬೇಕು, ಅಲ್ವಾ? ಫರ್ನಾಂಡಿನಾ, ಜೆನೋವೆಸಾದಂಥ ದೂರದ ದ್ವೀಪಗಳು ಕ್ರೂಸ್‌ನವರಿಗೇ ಸಿಗುವುದು. ಹಾರಲಾರದ ಕಾರ್ಮರೆಂಟ್ ಹಕ್ಕಿ ಫರ್ನಾಂಡಿನಾ ಮತ್ತು ಇಸಬೆಲಾದ ಪಶ್ಚಿಮ ತೀರದಲ್ಲಿ ಮಾತ್ರ ಇದೆ. ಅದನ್ನೇ ನೋಡಬೇಕೆಂದಿದ್ದರೆ ಇನ್ನೂ ಒಂದೆರಡು ವರ್ಷ ದುಡ್ಡು ಕೂಡಿಸಿ ಕ್ರೂಸ್ ಮಾಡುವುದೇ ಸರಿ. ಆಮೆಗಾಗಿ ಆದರೆ ಬೇಕಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನಿಂದಲೇ ಹೋಗುವವರು. ವೀಸಾ ಬೇಕಾ? ಇಂಜೆಕ್ಷನ್ ಏನಾದರೂ? – ಓದುಗರು, ಬೆಂಗಳೂರು

ಉತ್ತರ: ಭಾರತದ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ ಈಕ್ವೆಡಾರ್ ಪ್ರವೇಶ 2019ರಲ್ಲಿ ನಿಂತುಹೋಯಿತು. ಹಳೆಯ ಪ್ರವಾಸ ಲೇಖನಗಳಲ್ಲಿ ವೀಸಾ ಬೇಡ ಎಂದು ಇನ್ನೂ ಇರುತ್ತದೆ, ನಂಬಬೇಡಿ. ಬೇರೆ ದೇಶದ ವೀಸಾ ನಿಮ್ಮಲ್ಲಿದ್ದರೆ ಅದರಿಂದ ರಿಯಾಯಿತಿ ಇದೆಯಾ ಎಂದು ದೆಹಲಿಯ ಈಕ್ವೆಡಾರ್ ರಾಯಭಾರ ಕಚೇರಿಯನ್ನೇ ಕೇಳಿ, ಟಿಕೆಟ್ ತೆಗೆಯುವ ಮೊದಲು. ಅಮೆರಿಕ ಮೂಲಕ ಹೋದರೆ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಹಾಗಾಗಿ ಇಲ್ಲಿಂದ ಹೋಗುವವರು ಆಮ್‌ಸ್ಟರ್‌ಡಾಮ್ ಅಥವಾ ಮ್ಯಾಡ್ರಿಡ್ ದಾರಿ ಹಿಡಿಯುತ್ತಾರೆ. ಅಲ್ಲೂ ಟ್ರಾನ್ಸಿಟ್ ನಿಯಮ ನೋಡಿಕೊಳ್ಳಿ.

ಇಂಜೆಕ್ಷನ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಆದ್ದರಿಂದ ನಿಧಾನವಾಗಿ ಓದಿ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಸರ್ಕಾರ ಈಕ್ವೆಡಾರನ್ನು ಸೇರಿಸಿದೆ. ದ್ವೀಪಗಳಲ್ಲಿ ಆ ಕಾಯಿಲೆಯ ಅಪಾಯವಿಲ್ಲ, ಆದರೆ ನಮ್ಮ ನಿಯಮ ನೋಡುವುದು ದೇಶವನ್ನು. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಏರ್‌ಪೋರ್ಟಿನಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಸಾಲು ಸಾಲು ಪ್ರವಾಸ ಮುಗಿಸಿ ಮನೆ ಬಾಗಿಲಿಗೆ ಬಂದ ಮೇಲೆ ಹೀಗಾಗುವುದು ಬೇಡ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಕೊಡುತ್ತಾರೆ, ಸಾಮಾನ್ಯ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡರೆ ನಡೆಯದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ಸಾಕು. 60 ದಾಟಿದವರು, ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ಪುಟ್ಟ ಕೂಸುಗಳಿಗೆ ಇದು ಎಲ್ಲರಂತೆ ಅಲ್ಲ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಇಷ್ಟು ದೂರದ ಪ್ರಯಾಣವನ್ನು ಒಂದು ವಾರಕ್ಕೆಂದು ಮಾಡಬೇಡಿ. ಗಲಾಪಗೋಸ್ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ನಿದ್ದೆ ಸರಿಹೋಗಲಿಕ್ಕೇ ಎರಡು ಮೂರು ದಿನ ಹೋಗುತ್ತದೆ. ಅಮೆರಿಕದಲ್ಲಿ ಮಗಳೋ ಅಣ್ಣನೋ ಇದ್ದು ಹೇಗೂ ಅಲ್ಲಿಗೆ ಹೋಗುವವರಿದ್ದರೆ ಆ ಪ್ರಯಾಣಕ್ಕೇ ಇದನ್ನು ಸೇರಿಸಿಕೊಳ್ಳಿ, ಅರ್ಧಕ್ಕರ್ಧ ಖರ್ಚು ಉಳಿಯುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಶುದ್ಧ ಸಸ್ಯಾಹಾರಿಗಳು. ಮೀನಿನ ಊರಲ್ಲಿ ಏನು ತಿನ್ನುವುದು? ಇಲ್ಲಿಂದ ಏನೇನು ಕಟ್ಟಿಕೊಂಡು ಹೋಗಬಹುದು? – ಓದುಗರು, ಶಿರಸಿ

ಉತ್ತರ: ಉಪವಾಸ ಬೀಳುವುದಿಲ್ಲ, ಗಾಬರಿ ಬೇಡ. ಅಲ್ಲಿಯ ದಿನನಿತ್ಯದ ಊಟವೇ ಅನ್ನ ಮತ್ತು ಮೆನೆಸ್ತ್ರಾ. ಮೆನೆಸ್ತ್ರಾ ಎಂದರೆ ಮಸೂರ ಬೇಳೆ ಅಥವಾ ಬೀನ್ಸ್ ಕಾಳಿನ ಗಟ್ಟಿ ಗೊಜ್ಜು. ಜೊತೆಗೆ ಪಟಾಕೋನೆಸ್ ಕೇಳಿ, ಕಚ್ಚಾ ಬಾಳೆಕಾಯಿಯನ್ನು ಚಪ್ಪಟೆ ಮಾಡಿ ಕರಿದಿರುತ್ತಾರೆ. ಮರಗೆಣಸೂ ಸಿಗುತ್ತದೆ. ಮಧ್ಯಾಹ್ನದ ಫಿಕ್ಸ್ ಊಟಕ್ಕೆ ಅಲ್ಮುಯೆರ್ಸೊ ಎನ್ನುತ್ತಾರೆ. ಸೂಪು, ಅನ್ನ, ಪಲ್ಯ, ಜ್ಯೂಸು, ಪ್ರವಾಸಿಗಳ ಹೋಟೆಲಿಗಿಂತ ಅರ್ಧ ಬೆಲೆ. ಆದರೆ ಸೂಪಿನಲ್ಲಿ ಕೋಳಿ ಇರಬಹುದು, ಗೊಜ್ಜಿಗೆ ಮಾಂಸದ ರಸ ಹಾಕಿರಬಹುದು. ‘ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ’ – ಮಾಂಸ, ಕೋಳಿ, ಮೀನು ಬೇಡ – ಎಂದು ಮೂರನ್ನೂ ಬಿಡಿಸಿ ಹೇಳಿ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ಕೊಟ್ಟರೂ ಕೊಟ್ಟಾರು. ಅಡುಗೆಮನೆ ಇರುವ ರೂಮು ತೆಗೆದುಕೊಂಡರೆ ಇನ್ನೂ ಒಳ್ಳೆಯದು, ರಾತ್ರಿ ಒಂದು ಅನ್ನ ಸಾರು ಆಗುತ್ತದೆ. ನಲ್ಲಿ ನೀರು ಕುಡಿಯಬೇಡಿ, ಲಾಡ್ಜಿನ ಕ್ಯಾನಿನಿಂದ ಬಾಟಲಿ ತುಂಬಿಕೊಳ್ಳಿ.

ಕಟ್ಟಿಕೊಂಡು ಹೋಗುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೊಳಕೆ ಬರುವಂಥದ್ದು ಯಾವುದೂ ಬೇಡ. ಸಾಸಿವೆ, ಮೆಂತ್ಯ, ಹೆಸರುಕಾಳು, ಕಡಲೆಕಾಳು ಮನೆಯಲ್ಲೇ ಇರಲಿ. ಹಣ್ಣು, ಸೊಪ್ಪು, ಕರಿಬೇವು, ತೆಂಗಿನಕಾಯಿ, ವೀಳ್ಯದೆಲೆ ಬೇಡ. ನಿಮ್ಮ ಊರಿನವರಿಗೆ ಇದು ಕಷ್ಟ ಎಂದು ಗೊತ್ತು, ಆದರೆ ಅಡಿಕೆಯೂ ಬೀಜವೇ, ಬಿಟ್ಟು ಹೋಗಿ. ಕೀಟೋ ಅಥವಾ ಗ್ವಾಯಕಿಲ್ ಏರ್‌ಪೋರ್ಟಿನಲ್ಲಿ ದ್ವೀಪಕ್ಕೆ ಹೋಗುವವರ ಬ್ಯಾಗನ್ನು ಬೇರೆಯೇ ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ, ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ಮತ್ತೆ ನೋಡುತ್ತಾರೆ. ಕಾರ್ಖಾನೆಯಲ್ಲಿ ಸೀಲ್ ಆದ ಉಪ್ಪಿಟ್ಟು ಮಿಕ್ಸ್, ಸಾರಿನ ಪುಡಿ, ಬಿಸ್ಕತ್ತು ಒಯ್ಯಿರಿ. ಏನೇನು ಒಯ್ಯುತ್ತಿದ್ದೀರಿ ಎಂದು ಕೇಳುವ ಫಾರ್ಮಿನಲ್ಲಿ ಅದನ್ನು ಮುಚ್ಚಿಡದೆ ಬರೆಯಿರಿ, ಅವರು ಬೇಡ ಎಂದರೆ ವಾದ ಮಾಡದೆ ಕೊಟ್ಟುಬಿಡಿ.

ಪ್ರಶ್ನೆ: ನನ್ನ ಅಮ್ಮನಿಗೆ 70. ಮಂಡಿನೋವು ಇದೆ, ದೋಣಿ ಹತ್ತಿದರೆ ತಲೆಸುತ್ತು. ನನಗೂ ಈಜು ಬರುವುದಿಲ್ಲ. ಅವರಿಗೆ ಹಕ್ಕಿ ಪ್ರಾಣಿ ಎಂದರೆ ಜೀವ. ಕರೆದುಕೊಂಡು ಹೋಗಬಹುದಾ? – ಓದುಗರು, ಮಂಗಳೂರು

ಉತ್ತರ: ಕರೆದುಕೊಂಡು ಹೋಗಿ. ಬೋಟನ್ನೇ ಹತ್ತದ ಹಾಗೆ ಪ್ಲಾನ್ ಮಾಡಬಹುದು. ಸಾನ್ ಕ್ರಿಸ್ಟೋಬಲ್‌ಗೆ ಈಕ್ವೆಡಾರಿನಿಂದ ನೇರ ವಿಮಾನ ಇದೆ, ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಆ ಒಂದೇ ದ್ವೀಪದಲ್ಲಿ ಇರಿ. ಬಂದರಿನ ರಸ್ತೆಯ ಬೆಂಚುಗಳ ಮೇಲೆ, ಮೆಟ್ಟಿಲುಗಳ ಮೇಲೆ, ಕಟ್ಟಿಹಾಕಿದ ದೋಣಿಗಳ ಮೇಲೆ ಎಲ್ಲೆಲ್ಲೂ ಕಡಲಸಿಂಹಗಳೇ. ಅಮ್ಮನನ್ನು ಸಂಜೆ ಅಲ್ಲಿ ಕೂರಿಸಿದರೆ ಸಾಕು, ಮರಿಗಳು ತಾಯಿಯನ್ನು ಕೂಗುವ ಸದ್ದು, ದೊಡ್ಡ ಗಂಡುಗಳ ಜಗಳ ಎಲ್ಲ ಕಣ್ಣೆದುರೇ ನಡೆಯುತ್ತದೆ. ಎರಡು ಮೀಟರ್ ದೂರ ಇರಬೇಕು ಎಂಬ ನಿಯಮ ಮಾತ್ರ ಮರೆಯಬೇಡಿ. ಮರಿ ಹತ್ತಿರ ಬಂದರೂ ಮುಟ್ಟುವ ಹಾಗಿಲ್ಲ, ಮನುಷ್ಯರ ವಾಸನೆ ಹತ್ತಿದರೆ ತಾಯಿ ಮರಿಯನ್ನು ಬಿಟ್ಟುಬಿಡುವ ಅಪಾಯ ಇದೆ.

ಒಂದು ದಿನ ಟ್ಯಾಕ್ಸಿ ಮಾಡಿಕೊಂಡು ಗುಡ್ಡದ ಮೇಲಿನ ಎಲ್ ಹುಂಕೊ ಸಿಹಿನೀರಿನ ಕೆರೆ, ಸೆರೊ ಕೊಲೊರಾಡೊ ಆಮೆ ಕೇಂದ್ರ ನೋಡಿಕೊಂಡು ಬನ್ನಿ. ಕೆರೆ ಹತ್ತಿರ ಮೆಟ್ಟಿಲು ಇವೆ, ಅಮ್ಮನಿಗೆ ಆಗದಿದ್ದರೆ ಆಮೆ ಕೇಂದ್ರಕ್ಕೆ ಸಮಯ ಕೊಡಿ. ಲಾ ಲೊಬೇರಿಯಾ ದಾರಿ ಕಲ್ಲುಕಲ್ಲು, ಅವರಿಗೆ ಪ್ಲಾಯಾ ಮಾನ್ ಬೀಚೇ ಸುಖ. ಇನ್ನೊಂದು ದ್ವೀಪ ನೋಡಲೇಬೇಕು ಅನಿಸಿದರೆ ಒಂಬತ್ತು ಸೀಟಿನ ಪುಟ್ಟ ವಿಮಾನಗಳು ಹಾರುತ್ತವೆ. ಬೋಟಿಗಿಂತ ದುಡ್ಡು ತುಂಬಾ ಜಾಸ್ತಿ, ಲಗೇಜು ಕಮ್ಮಿ. ನೀವು ಒಬ್ಬರೇ ಬೋಟ್ ಹತ್ತುವುದಾದರೆ ಹಿಂಭಾಗದ ಸೀಟು ಹಿಡಿಯಿರಿ, ಮುಂದೆ ಏಟು ಜಾಸ್ತಿ. ತಲೆಸುತ್ತಿನ ಮಾತ್ರೆ ಹೊರಡುವ ಮೊದಲೇ ತಗೊಳ್ಳಬೇಕು, ಸುತ್ತು ಶುರುವಾದ ಮೇಲೆ ತಗೊಂಡರೆ ಉಪಯೋಗ ಇಲ್ಲ.

ಈಜಿನ ಬಗ್ಗೆ ಒಂದು ಮಾತು. ಹೋಗಲು ಇನ್ನೂ ಆರು ತಿಂಗಳು ಇದ್ದರೆ ನಿಮ್ಮ ಊರಿನ ಈಜುಕೊಳಕ್ಕೆ ಸೇರಿಕೊಳ್ಳಿ. ಲೈಫ್ ಜಾಕೆಟ್ ಹಾಕಿಕೊಂಡು ಮುಖ ನೀರಿನಲ್ಲಿ ಇಟ್ಟು ತೇಲುವಷ್ಟು ಧೈರ್ಯ ಬಂದರೂ ಕಡಲಾಮೆ ನಿಮ್ಮ ಪಕ್ಕದಲ್ಲೇ ಪಾಚಿ ಮೇಯುವುದು ಕಾಣುತ್ತದೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ದೊಡ್ಡ ಸುಖ ನನಗೆ ಬೇರೆ ಸಿಕ್ಕಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಹೋಗುವುದಕ್ಕೆ ಆಗುತ್ತೋ ಇಲ್ಲವೋ, ಡಾರ್ವಿನ್ ಅಲ್ಲಿ ನಿಜವಾಗಿ ಏನು ನೋಡಿದ ಎಂದು ಮಕ್ಕಳಿಗೆ ಹೇಳುವ ಆಸೆ. – ಓದುಗರು, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. 1835ರ ಸೆಪ್ಟೆಂಬರ್ ಮಧ್ಯದಲ್ಲಿ ಬೀಗಲ್ ಹಡಗು ಅಲ್ಲಿಗೆ ಬಂದಾಗ ಡಾರ್ವಿನ್‌ಗೆ 26 ವರ್ಷ. ಇದ್ದದ್ದು ಐದು ವಾರ. ಇಳಿದದ್ದು ನಾಲ್ಕು ದ್ವೀಪಗಳಲ್ಲಿ: ಸಾನ್ ಕ್ರಿಸ್ಟೋಬಲ್, ಫ್ಲೊರಿಯಾನಾ, ಇಸಬೆಲಾ, ಸಾಂಟಿಯಾಗೊ. ಇವತ್ತು ಅವನ ಹೆಸರಿನ ಸಂಶೋಧನಾ ಕೇಂದ್ರ ಇರುವ ಸಾಂತಾ ಕ್ರೂಸ್‌ನಲ್ಲಿ ಅವನು ಕಾಲಿಡಲೇ ಇಲ್ಲ.

ಫಿಂಚ್ ಹಕ್ಕಿಗಳ ಕೊಕ್ಕು ನೋಡಿದ ತಕ್ಷಣ ವಿಕಾಸವಾದ ಹೊಳೆಯಿತು ಎಂದು ಪಾಠ ಮಾಡುತ್ತೇವೆ. ಹಾಗಾಗಲಿಲ್ಲ. ಅಲ್ಲಿದ್ದಾಗ ಅವನ ಗಮನ ಸೆಳೆದದ್ದು ಮಾಕಿಂಗ್‌ಬರ್ಡ್‌ಗಳು, ದ್ವೀಪದಿಂದ ದ್ವೀಪಕ್ಕೆ ಅವು ಬೇರೆ ಬೇರೆ ಇದ್ದವು. ಆಮೆಯ ಚಿಪ್ಪು ನೋಡಿಯೇ ಯಾವ ದ್ವೀಪದ್ದು ಎಂದು ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿ ಲಾಸನ್ ಅವನಿಗೆ ಹೇಳಿದ್ದ. ಹಸಿರು ಗುಡ್ಡಗಳ ಆಮೆಗೆ ಗುಂಡು ಚಿಪ್ಪು. ಒಣ ದ್ವೀಪದ್ದಕ್ಕೆ ಎತ್ತರದ ಕಳ್ಳಿಗೆ ಕತ್ತು ಚಾಚಲು ಆಗುವಂತೆ ಮುಂದಕ್ಕೆ ಎದ್ದ ಚಿಪ್ಪು. ಫಿಂಚ್‌ಗಳ ವಿಷಯ ಸ್ಪಷ್ಟವಾದದ್ದು ಲಂಡನ್ನಿಗೆ ಹೋದ ಮೇಲೆ. 1837ರಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಇವೆಲ್ಲ ಒಂದೇ ಬಳಗದ ಬೇರೆ ಬೇರೆ ಜಾತಿಗಳು ಎಂದು ಹೇಳಿದಾಗ. ವಿಕಾಸವಾದದ ಬಗ್ಗೆ ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ. ನೋಡುವುದಕ್ಕೂ ಅರ್ಥವಾಗುವುದಕ್ಕೂ ನಡುವೆ ಎಷ್ಟು ವರ್ಷ ಹಿಡಿಯಿತು ಎಂದು ಮಕ್ಕಳಿಗೆ ಹೇಳಿ, ಪರೀಕ್ಷೆಯ ಭಯದಲ್ಲಿರುವವರಿಗೆ ಇದು ಬೇಕು.

ಕಥೆ ಅಲ್ಲಿಗೇ ಮುಗಿದಿಲ್ಲ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ವರ್ಷ ವರ್ಷವೂ ಫಿಂಚ್‌ಗಳ ಕೊಕ್ಕು ಅಳೆದರು. 1977ರ ಬರಗಾಲದಲ್ಲಿ ಸಣ್ಣ ಬೀಜ ಖಾಲಿಯಾಗಿ, ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚು ಉಳಿದವು. ಮುಂದಿನ ಪೀಳಿಗೆಯ ಕೊಕ್ಕೇ ದಪ್ಪವಾಯಿತು. ವಿಕಾಸ ಕಣ್ಣೆದುರು ನಡೆದದ್ದನ್ನು ಅಳೆದು ತೋರಿಸಿದ್ದಾರೆ. ನಾರ್ತ್ ಸೇಮೋರ್‌ಗೆ ಹೋಗುವ ದೋಣಿಯಿಂದ ಆ ದ್ವೀಪ ಕಾಣುತ್ತದೆ, ಇಳಿಯಲು ಪ್ರವಾಸಿಗಳಿಗೆ ಬಿಡುವುದಿಲ್ಲ.

ಪ್ರಶ್ನೆ: ಬಂಡೀಪುರದ ಅಂಚಿನಲ್ಲಿ ನಮ್ಮ ಜಮೀನು. ಪ್ರವಾಸಿಗಳು ಕಾಡಿಗೆ ಏನು ಮಾಡುತ್ತಾರೆಂದು ದಿನಾ ನೋಡುತ್ತೇನೆ. ಅಂಥ ಸೂಕ್ಷ್ಮ ಜಾಗಕ್ಕೆ ಹೋಗಿ ಎಂದು ನೀವು ಜನರನ್ನು ಹುರಿದುಂಬಿಸುವುದು ಸರಿಯಾ? – ಓದುಗರು, ಗುಂಡ್ಲುಪೇಟೆ

ಉತ್ತರ: ಸರಿಯಾದ ಪ್ರಶ್ನೆ. ವರ್ಷಕ್ಕೆ ಸುಮಾರು ಮೂರು ಲಕ್ಷ ಜನ ಅಲ್ಲಿಗೆ ಹೋಗುತ್ತಾರೆ, ಇದು ಸಣ್ಣ ಸಂಖ್ಯೆ ಅಲ್ಲ. ನಿಮ್ಮ ಕಾಡನ್ನು ತುಂಬಿಕೊಂಡಿರುವ ಲಂಟಾನಾ ಗಿಡ ಅಲ್ಲೂ ಪೀಡೆಯೇ. ನಾವು ಮನೆ ಹಿತ್ತಿಲಿನಲ್ಲಿ ಪ್ರೀತಿಯಿಂದ ಬೆಳೆಸುವ ಸೀಬೆ ಅಲ್ಲಿನ ಗುಡ್ಡಗಳಲ್ಲಿ ಕಳೆಯಾಗಿ ಹಬ್ಬಿದೆ. ಹಿಂದಿನವರು ಬಿಟ್ಟುಹೋದ ಆಡುಗಳು ಆಮೆಗಳ ಮೇವನ್ನೆಲ್ಲ ಬೋಳಿಸಿದ್ದವು. ಉತ್ತರ ಇಸಬೆಲಾ ಮತ್ತು ಸಾಂಟಿಯಾಗೊದಲ್ಲಿ ಸುಮಾರು ಒಂದೂವರೆ ಲಕ್ಷ ಆಡುಗಳನ್ನು ತೆಗೆದ ಮೇಲೆ, 2006ರ ಹೊತ್ತಿಗೆ ಅದು ಹತೋಟಿಗೆ ಬಂತು. ಹೊರಗಿನಿಂದ ಬಂದ ಒಂದು ಜಾತಿಯ ನೊಣ ಫಿಂಚ್ ಗೂಡಿನಲ್ಲಿ ಮೊಟ್ಟೆಯಿಟ್ಟು, ಅದರ ಹುಳುಗಳು ಮರಿಗಳ ರಕ್ತ ಹೀರಿ ಸಾಯಿಸುತ್ತಿವೆ. ಶಿರಸಿಯವರಿಗೆ ಸಾಸಿವೆ ಕೂಡ ಬೇಡ ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಇದಕ್ಕೇ.

ಆದರೂ ಹೋಗಬೇಡಿ ಎಂದು ನಾನು ಹೇಳಲಾರೆ. ಪಾರ್ಕಿನ ಕಾವಲು, ಆಮೆ ಮರಿ ಸಾಕಣೆ, ಬ್ಯಾಗ್ ತಪಾಸಣೆಯಂಥ ಕೆಲಸಗಳಿಗೆ ನಾವು ಕಟ್ಟುವ ಶುಲ್ಕದ ಪಾಲು ಹೋಗುತ್ತದೆ. ಎಸ್ಪಾನೋಲಾ ದ್ವೀಪದ ಆಮೆಗಳಲ್ಲಿ ಒಂದು ಕಾಲಕ್ಕೆ 14 ವಯಸ್ಕ ಆಮೆ ಮತ್ತು ಅಮೆರಿಕದ ಸಾನ್ ಡಿಯಾಗೊ ಮೃಗಾಲಯದಿಂದ ತಂದ ಒಂದು ಗಂಡು, ಇಷ್ಟೇ ಉಳಿದಿದ್ದವು. ಅವುಗಳಿಂದ ಮರಿ ಮಾಡಿಸಿ ಎರಡು ಸಾವಿರದಷ್ಟು ಆಮೆಗಳನ್ನು ದ್ವೀಪಕ್ಕೆ ಮರಳಿಸಿದರು. ಆ ಗಂಡು, ಡಿಯಾಗೊ ಎಂದು ಹೆಸರು, 2020ರಲ್ಲಿ ತನ್ನ ದ್ವೀಪಕ್ಕೆ ವಾಪಸ್ ಹೋಯಿತು. ಇಂಥ ಕೆಲಸ ದುಡ್ಡಿಲ್ಲದೆ ನಡೆಯುವುದಿಲ್ಲ. ಊರಲ್ಲಿ ಉಳಿಯುವವರ ದುಡ್ಡು ಅಲ್ಲಿನ ಲಾಡ್ಜು, ಊಟದಂಗಡಿ, ಟ್ಯಾಕ್ಸಿಯವರ ಕೈಗೂ ನೇರ ಹೋಗುತ್ತದೆ. ಹಾಗಾದರೆ ಮೀನುಗಾರರ ಮನೆಗೂ ಕಾಡು ಉಳಿಯುವುದು ಬೇಕಾಗುತ್ತದೆ. ಹೋಗುವವರು ಜಾಸ್ತಿ ದಿನ ಇರಲಿ, ಕಮ್ಮಿ ಓಡಾಡಲಿ, ಕಲ್ಲು, ಚಿಪ್ಪು, ಮರಳು ಏನನ್ನೂ ತರದಿರಲಿ, ಡ್ರೋನ್ ಒಯ್ಯದಿರಲಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಸಫಾರಿ ಜೀಪಿನಲ್ಲಿ ಕೂಗಾಡುವವರು ಅಲ್ಲಿಗೂ ಬಂದರೆ ಗೈಡ್ ಅಲ್ಲೇ ನಿಲ್ಲಿಸಿ ಬೈಯುತ್ತಾರೆ, ಅದನ್ನು ನೋಡಿದ್ದೇನೆ. ನಮ್ಮಲ್ಲೂ ಹಾಗಾಗಬೇಕು.

ಪ್ರಶ್ನೆ: ಮಕ್ಕಳ ಬೇಸಿಗೆ ರಜಾದಲ್ಲಿ ಹೋಗುವುದಾ, ದಸರಾದಲ್ಲಾ? ದುಡ್ಡು ಹೇಗೆ ಒಯ್ಯಬೇಕು? – ಓದುಗರು, ಹುಬ್ಬಳ್ಳಿ

ಉತ್ತರ: ಬೇಸಿಗೆ ರಜಾ. ಏಪ್ರಿಲ್–ಮೇ ಅಲ್ಲಿ ಬೆಚ್ಚಗಿನ ಕಾಲ, ನೀರೂ ಬೆಚ್ಚಗೆ, ಸಮುದ್ರ ಹೆಚ್ಚಾಗಿ ಶಾಂತ, ಎಸ್ಪಾನೋಲಾಕ್ಕೆ ಆಲ್ಬಟ್ರಾಸ್ ಹಕ್ಕಿಗಳು ಮರಳುವ ಸಮಯ. ಈಸ್ಟರ್ ವಾರ ಮಾತ್ರ ಬಿಟ್ಟು ಹೋಗಿ. ದಸರಾ ಹೊತ್ತಿಗೆ ಹಂಬೋಲ್ಟ್ ಎಂಬ ತಣ್ಣನೆಯ ಸಮುದ್ರದ ಹರಿವಿನಿಂದ ನೀರು ತಣ್ಣಗಿರುತ್ತದೆ, ಬೋಟ್ ಜಾಸ್ತಿ ಕುಲುಕುತ್ತದೆ, ಗುಡ್ಡದಲ್ಲಿ ಜಿಟಿಜಿಟಿ ಮಂಜು. ಆದರೆ ಆಗ ಸಮುದ್ರದಲ್ಲಿ ಆಹಾರ ಜಾಸ್ತಿ, ಹಕ್ಕಿಗಳ ಚಟುವಟಿಕೆಯೂ ಜೋರು. ಆಗಲೇ ಹೋಗಬೇಕಾದವರು ಬೇಸರ ಪಡಬೇಕಿಲ್ಲ, ನೀರಿಗೆ ಇಳಿಯಲು ವೆಟ್‌ಸೂಟ್ ಬಾಡಿಗೆ ಹಿಡಿದರಾಯಿತು.

ಈಕ್ವೆಡಾರಿನ ದುಡ್ಡು 2000ನೇ ಇಸವಿಯಿಂದ ಅಮೆರಿಕನ್ ಡಾಲರೇ. ಪಾರ್ಕಿನ ಶುಲ್ಕಕ್ಕೆ ನಗದು ಬೇರೆಯಾಗಿ ಎತ್ತಿಡಿ. ಉಳಿದದ್ದು 5, 10, 20ರ ನೋಟುಗಳಲ್ಲಿರಲಿ, 100ರ ನೋಟನ್ನು ಸಣ್ಣ ಅಂಗಡಿಯವರು ಮುಟ್ಟುವುದಿಲ್ಲ. ವಾಟರ್ ಟ್ಯಾಕ್ಸಿಗೆ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ಪುಯೆರ್ಟೊ ಅಯೋರಾದಲ್ಲಿ, ಸಾನ್ ಕ್ರಿಸ್ಟೋಬಲ್‌ನಲ್ಲಿ ಎಟಿಎಂ ಇವೆ. ಇಸಬೆಲಾದಲ್ಲಿ ಎಟಿಎಂ ನಂಬಿಕೊಂಡು ಹೋಗಬೇಡಿ, ಅಲ್ಲಿ ಇಳಿಯುತ್ತಲೇ ವಿದೇಶಿಯರಿಗೆ ತಲೆಗೆ 10 ಡಾಲರ್ ಬಂದರು ಶುಲ್ಕ ಬೇರೆ ಇದೆ. ಬೋಟ್ ಹತ್ತುವ ಹಿಂದಿನ ಸಂಜೆಯೇ ಪುಯೆರ್ಟೊ ಅಯೋರಾದಲ್ಲಿ ನಗದು ತೆಗೆದಿಟ್ಟುಕೊಳ್ಳಿ.